ಸೇನಾ ಅಂಚೆ ಸಂಗ್ರಹ

ಸೇನಾ ಅಂಚೆ ಸಂಗ್ರಹವು ಸೈನಿಕರ ಪತ್ರವ್ಯವಹಾರಕ್ಕೆ ಸಂಬಂಧಿಸಿದ ಅಂಚೆಚೀಟಿ, ಲಕೋಟೆ ಮತ್ತು ಅಂಚೆ ಮುದ್ರೆಗಳನ್ನು ಕಲೆಹಾಕಿ ಅಧ್ಯಯನ ಮಾಡುವ ಹವ್ಯಾಸವಾಗಿದೆ. ನಿವೃತ್ತ ಸೈನಿಕರಿಗೆ ಇದು ತಮ್ಮ ಸೇವಾವಧಿಯ ದಾಖಲೆಯೂ ಆಗಬಲ್ಲದು.

ಭದ್ರತೆಯ ಕಾರಣದಿಂದ ಭಾರತೀಯ ಸೈನಿಕರ ವಿಳಾಸದಲ್ಲಿ ಅವರು ನೆಲೆಸಿರುವ ಊರಿನ ಹೆಸರಿನ ಬದಲು ‘56 ಎಪಿಒ’ ಅಥವಾ ‘99 ಎಪಿಒ’ ಎಂದು ಬರೆಯಲಾಗುತ್ತದೆ. ಹೀಗಾಗಿ ಪತ್ರ ಎಲ್ಲಿಂದ, ಯಾವಾಗ ಹೊರಟಿತೆಂದು ತಿಳಿಯಲು ಲಕೋಟೆಯ ಮೇಲಿನ ಕ್ಷೇತ್ರ ಅಂಚೆ ಕಚೇರಿಯ ಸಂಖ್ಯೆ ಮತ್ತು ದಿನಾಂಕಗಳು ಮುಖ್ಯ ಆಧಾರಗಳು. ಚೀಟಿಯನ್ನಷ್ಟೇ ಬಿಡಿಸಿಕೊಂಡು ಲಕೋಟೆಯನ್ನು ಎಸೆದರೆ ಈ ಮಾಹಿತಿ ನಷ್ಟವಾಗುತ್ತದೆ.

ಇತಿಹಾಸ

ಮೊದಲನೆಯ ಮಹಾಯುದ್ಧಕ್ಕೆ ತೆರಳಿದ ಭಾರತೀಯ ಪಡೆಗಳಿಗಾಗಿ 1914ರಲ್ಲಿ ‘ಐ.ಇ.ಎಫ್.’ ಎಂಬ ಮೇಲುಮುದ್ರಣವುಳ್ಳ ಅಂಚೆಚೀಟಿಗಳು ಬಳಕೆಗೆ ಬಂದವು. 1953ರಲ್ಲಿ ಕೊರಿಯಾದಲ್ಲಿದ್ದ ಭಾರತೀಯ ಪಡೆಗೂ 1962ರಲ್ಲಿ ಕಾಂಗೋದಲ್ಲಿದ್ದ ಶಾಂತಿಪಾಲನಾ ಪಡೆಗೂ ಇಂತಹ ಚೀಟಿಗಳನ್ನು ಒದಗಿಸಲಾಯಿತು. ಸೇನಾ ಅಂಚೆ ಸೇವೆಯು 1972ರ ಮಾರ್ಚ್ 1ರಂದು ಸ್ವತಂತ್ರ ದಳವಾಯಿತು.

ಕರ್ನಾಟಕದ ಸಂಬಂಧ

ಕೊರಿಯಾದ ಯುದ್ಧಕೈದಿಗಳನ್ನು ಸ್ವದೇಶಕ್ಕೆ ಮರಳಿಸುವ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಕೊಡಗಿನ ಕೆ. ಎಸ್. ತಿಮ್ಮಯ್ಯ ಅಧ್ಯಕ್ಷರಾಗಿದ್ದರು. ಮುಂದೆ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆಯ ದಂಡನಾಯಕರಾಗಿದ್ದಾಗ 1965ರಲ್ಲಿ ನಿಧನರಾದ ಅವರ ಸ್ಮರಣಾರ್ಥ ಆ ದೇಶವು 1966ರಲ್ಲಿ ಅಂಚೆಚೀಟಿಯನ್ನು ಹೊರತಂದಿತು. ಕೊಡಗಿನವರೇ ಆದ ಫೀಲ್ಡ್ ಮಾರ್ಷಲ್ ಕೆ. ಎಂ. ಕಾರ್ಯಪ್ಪ ಅವರ ಅಂಚೆಚೀಟಿಯನ್ನು ಭಾರತೀಯ ಅಂಚೆ ಇಲಾಖೆಯು 1995ರಲ್ಲಿ ಬಿಡುಗಡೆ ಮಾಡಿತು.