ಬಂದೂಕಿನ ಕಿಟ್ಟ

ತೋಟಾದೊಳಗಿನ ಮದ್ದು ಉರಿದ ಮೇಲೆ ಬಂದೂಕಿನ ನಳಿಗೆಯಲ್ಲೂ ಒಳಗಿನ ಬಿಡಿಭಾಗಗಳ ಮೇಲೂ ಕಟ್ಟಿಕೊಳ್ಳುವ ಗಟ್ಟಿ ಪದರಕ್ಕೆ ಕಿಟ್ಟ ಎನ್ನಬಹುದು. ಇದರಲ್ಲಿ ಮುಖ್ಯವಾಗಿ ಇರುವುದು ಇಂಗಾಲದ ಮಸಿ. ಜೊತೆಗೆ ಗುಂಡಿನಿಂದ ಸವೆದ ತಾಮ್ರ, ಸೀಸ ಮತ್ತು ಕಿಡಿ ಹೊತ್ತಿಸುವ ಕ್ಯಾಪಿನ ಶೇಷವೂ ಸೇರಿರುತ್ತದೆ. ಸೌದೆ ಒಲೆಯ ಮೇಲಿಟ್ಟ ಪಾತ್ರೆಯ ತಳದಂತೆ ಮೊದಲ ದಿನದ ಮಸಿ ಬಟ್ಟೆಗೇ ಹೋಗುತ್ತದೆ. ತೊಳೆಯದೆ ಮತ್ತೆ ಮತ್ತೆ ಕಾಯಿಸಿದರೆ ಕೆರೆದರೂ ಬಿಡುವುದಿಲ್ಲ. ಕೈಯಿಂದ ಬೋಲ್ಟ್ ಎಳೆಯುವ ರೈಫಲ್ಲಿನಲ್ಲಿ ಕಿಟ್ಟ ಗುರಿಯನ್ನು ಕೆಡಿಸುತ್ತದೆ. ತಾನೇ ತೋಟಾ ತುಂಬಿಕೊಳ್ಳುವ ಅರೆ ಸ್ವಯಂಚಾಲಿತ ರೈಫಲ್ಲಿನಲ್ಲಾದರೆ ಆಯುಧವನ್ನೇ ನಿಲ್ಲಿಸಿಬಿಡುತ್ತದೆ.

ಕರಿಮದ್ದಿನ ಕಾಲದಲ್ಲಿ ಈ ತೊಂದರೆ ಎಲ್ಲಕ್ಕಿಂತ ಹೆಚ್ಚಾಗಿತ್ತು. ಪೆಟ್ಲುಪ್ಪು, ಗಂಧಕ, ಇದ್ದಿಲು ಬೆರೆಸಿದ ಆ ಮದ್ದು ಉರಿದಾಗ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗದೆ ಘನರೂಪದಲ್ಲೇ ಉಳಿಯುತ್ತಿತ್ತು. ಈ ಉಳಿಕೆ ಗಾಳಿಯ ತೇವ ಹೀರಿ ಕಬ್ಬಿಣವನ್ನು ತಿನ್ನುತ್ತಿತ್ತು. ಕೆಲವು ಗುಂಡು ಹಾರಿಸಿದ ಮೇಲೆ ಬಾಯಿಯಿಂದ ತುಂಬುವ ನಳಿಗೆಯೊಳಗೆ ಮುಂದಿನ ಗುಂಡನ್ನು ಇಳಿಸುವುದೇ ಕಷ್ಟವಾಗುತ್ತಿತ್ತು. ಸುರುಳಿಗೀರು ಇರುವ ನಳಿಗೆಯಲ್ಲಿ ಕಷ್ಟ ಇನ್ನೂ ಹೆಚ್ಚು. ಈಸ್ಟ್ ಇಂಡಿಯಾ ಕಂಪನಿ ತನ್ನ ಸಿಪಾಯಿಗಳಿಗೆ ಕೊಡಹೊರಟ 1853ರ ಮಾದರಿಯ ಎನ್‌ಫೀಲ್ಡ್ ರೈಫಲ್ಲಿನ ಕಾಗದದ ತೋಟಾಕ್ಕೆ ಕೊಬ್ಬು ಬಳಿದಿದ್ದಕ್ಕೆ ಕಾರಣ ಇದೇ. ಗುಂಡು ಜಾರಿ ಇಳಿಯಬೇಕು, ಕಿಟ್ಟ ಮೆತ್ತಗಿರಬೇಕು, ಮುಂದಿನ ಗುಂಡು ಅದನ್ನು ಹೊರತಳ್ಳಬೇಕು ಎಂಬುದು ಲೆಕ್ಕಾಚಾರ. ಆ ಕೊಬ್ಬು ದನದ್ದು, ಹಂದಿಯದು ಎಂಬ ಮಾತು ಹಬ್ಬಿತು. 1857ರ ಜನವರಿಯಲ್ಲಿ ಸರ್ಕಾರ, ಸಿಪಾಯಿಗಳು ತಮಗೆ ಒಪ್ಪುವ ಜಿಡ್ಡನ್ನು ತಾವೇ ಬಳಿದುಕೊಳ್ಳಬಹುದು ಎಂದು ಅನುಮತಿ ಕೊಟ್ಟರೂ ಸಂಶಯ ಹೋಗಲಿಲ್ಲ. ಅದೇ ವರ್ಷದ ಸಿಪಾಯಿ ದಂಗೆಯ ಕಾರಣಗಳು ಹಲವು. ಆದರೆ ಕಿಡಿಯಾಗಿ ಬಿದ್ದ ಜಿಡ್ಡು ನಳಿಗೆಯ ಕಿಟ್ಟಕ್ಕೆ ಹುಡುಕಿದ ಮದ್ದು ಎಂಬುದನ್ನು ನಮ್ಮ ಶಾಲಾ ಪಾಠಗಳು ಹೇಳುವುದೇ ಇಲ್ಲ.

ದಂಗೆಯ ಹೊತ್ತಿನಲ್ಲೇ ಬಂದ ನಿಶ್ಶಸ್ತ್ರೀಕರಣ ಕಾನೂನಿನಿಂದ ಊರವರ ಮನೆಗಳಲ್ಲಿ ಬಂದೂಕು ವಿರಳವಾಯಿತು. ಮುಧೋಳ ಸೀಮೆಯ ಹಲಗಲಿಯ ಬೇಡರು 1857ರಲ್ಲಿ ಬಂಡೆದ್ದದ್ದು ಈ ಕಾನೂನಿನ ವಿರುದ್ಧವೇ. ಕೊಡಗಿಗೆ ಮಾತ್ರ 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ವಿನಾಯಿತಿ ಕೊಟ್ಟರು. ಅಲ್ಲಿ ಇಂದಿಗೂ ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಯನ್ನು ತೊಳೆದೊರೆಸಿ, ತೋಕ್‌ಪೂ ಎಂಬ ಹೂ ಸಿಕ್ಕಿಸಿ ಪೂಜಿಸುತ್ತಾರೆ. ಮುಂಗಾರು ಮಳೆಯಲ್ಲಿ ಮೂಲೆಗೊರಗಿದ್ದ ಕೋವಿಗೆ ವರ್ಷಕ್ಕೊಮ್ಮೆಯಾದರೂ ಎಣ್ಣೆ ಕಾಣಿಸುವ ಪದ್ಧತಿಯೂ ಇದೇ ಆಯಿತು.

1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ ಹೊಗೆರಹಿತ ಮದ್ದನ್ನು ತಯಾರಿಸಿದರು. 1889ರಲ್ಲಿ ಬ್ರಿಟನ್ನಿನಲ್ಲಿ ಕಾರ್ಡೈಟ್ ಬಂತು. ಕಿಟ್ಟದ ಪ್ರಮಾಣ ಥಟ್ಟನೆ ಇಳಿಯಿತು, ಸ್ವರೂಪ ಬದಲಾಯಿತು. .303 ತೋಟಾದ ಕ್ಯಾಪಿನಲ್ಲಿದ್ದ ಪೊಟ್ಯಾಸಿಯಂ ಕ್ಲೋರೇಟ್ ಉರಿದು, ಅಡುಗೆ ಉಪ್ಪಿನ ಜಾತಿಗೇ ಸೇರಿದ ಒಂದು ಲವಣವನ್ನು ನಳಿಗೆಯಲ್ಲಿ ಬಿಡುತ್ತಿತ್ತು. ಉಪ್ಪು ಎಣ್ಣೆಯಲ್ಲಿ ಕರಗದು. ಆದ್ದರಿಂದ ಈ ತೋಟಾದ ಲೀ-ಎನ್‌ಫೀಲ್ಡ್ ರೈಫಲ್ಲಿನ ಕಾಲದ ಸಿಪಾಯಿ ಗುಂಡು ಹಾರಿಸಿ ಬಂದ ಮೇಲೆ ಮೊದಲು ಕುದಿಯುವ ನೀರನ್ನು ನಳಿಗೆಗೆ ಹುಯ್ಯಬೇಕಿತ್ತು. ಬಿಸಿಗೆ ನಳಿಗೆ ತಾನೇ ಒಣಗುತ್ತಿತ್ತು, ಆಮೇಲೆ ಎಣ್ಣೆ. ಒರೆಸಲು ‘ಪುಲ್ ಥ್ರೂ’ ಎಂಬ ದಾರ. ಒಂದು ತುದಿಗೆ ಹಿತ್ತಾಳೆಯ ತೂಕ, ಇನ್ನೊಂದು ತುದಿಯ ಕುಣಿಕೆಗೆ 4 ಇಂಚು ಉದ್ದ, 2 ಇಂಚು ಅಗಲದ ಬಟ್ಟೆಯ ಚಿಂದಿ. ದಾರವನ್ನು ಹಿಂಬದಿಯಿಂದ ಇಳಿಬಿಟ್ಟು ಬಾಯಿಯ ಕಡೆಗೆ ಒಂದೇ ಉಸಿರಿಗೆ, ನೇರವಾಗಿ ಎಳೆಯಬೇಕು. ಓರೆಯಾಗಿ ಎಳೆದರೆ ಮರಳು ಮೆತ್ತಿದ ದಾರ ವರ್ಷಗಳಲ್ಲಿ ನಳಿಗೆಯ ಬಾಯಿಯನ್ನೇ ಕೊರೆದು ಹಾಳುಮಾಡುತ್ತಿತ್ತು. ಎನ್‌ಸಿಸಿಯಲ್ಲಿದ್ದವರಿಗೆ ಚಿಂದಿ, ಪುಲ್ ಥ್ರೂ, ‘ಖೋಲ್‌ನಾ-ಜೋಡ್‌ನಾ’ (ಬಿಚ್ಚುವುದು-ಜೋಡಿಸುವುದು) ಎಂಬ ಉಸ್ತಾದರ ಮಾತುಗಳು ಮರೆತಿರಲಾರವು.

ಅನಿಲದ ಬಲದಿಂದ ಓಡುವ ಆಯುಧಗಳು ಬಂದಾಗ ಕಿಟ್ಟ ನಳಿಗೆಯಿಂದ ಹೊರಗೆ ಕಾಲಿಟ್ಟಿತು. ನಳಿಗೆಯಲ್ಲೊಂದು ಸಣ್ಣ ತೂತು. ಗುಂಡಿನ ಹಿಂದಿನ ಬಿಸಿ ಅನಿಲದಲ್ಲಿ ಒಂದಿಷ್ಟು ಅಲ್ಲಿಂದ ನುಗ್ಗಿ ಪಿಸ್ಟನ್ನನ್ನು ಹಿಂದಕ್ಕೆ ದೂಡುತ್ತದೆ. ಅದರಿಂದ ಬೋಲ್ಟ್ ತೆರೆದು ಖಾಲಿ ಕವಚ ಹೊರಬಿದ್ದು ಹೊಸ ತೋಟಾ ಒಳಸೇರುತ್ತದೆ. ಅನಿಲದ ಜೊತೆಗೇ ಮಸಿಯೂ ಬರುತ್ತದೆ. ತೂತು ಕಿರಿದಾಗುತ್ತದೆ, ಪಿಸ್ಟನ್ನಿನ ತಲೆ ದಪ್ಪವಾಗುತ್ತದೆ, ಬೋಲ್ಟ್ ಅರ್ಧಕ್ಕೇ ನಿಲ್ಲುತ್ತದೆ. ಭಾರತೀಯ ಸೇನೆ ಇದನ್ನು ಮೊದಲು ಕಂಡದ್ದು ರೈಫಲ್ಲಿನಲ್ಲಲ್ಲ, ಲಘು ಮಷಿನ್‌ಗನ್ನುಗಳಲ್ಲಿ. ಬ್ರೆನ್ ಗನ್ನಿನಲ್ಲಿ ಬೇರೆ ಬೇರೆ ಗಾತ್ರದ 4 ತೂತುಗಳ ರೆಗ್ಯುಲೇಟರ್ ಇತ್ತು. ಗನ್ನು ಸುಸ್ತಾದರೆ ಮುಂದಿನ ದೊಡ್ಡ ತೂತಿಗೆ ತಿರುಗಿಸುವುದು.

1962ರಲ್ಲಿ ಚೀನಾದ ಎದುರು ನಮ್ಮ ಕಾಲಾಳುಗಳ ಕೈಯಲ್ಲಿದ್ದದ್ದು ಬೋಲ್ಟ್ ಎಳೆಯುವ .303. ಅದರ ಬಳಿಕ ಬಂಗಾಳದ ಈಶಾಪುರ ಕಾರ್ಖಾನೆಯಲ್ಲಿ ಬೆಲ್ಜಿಯಂನ ಎಫ್‌ಎಎಲ್ ಮಾದರಿಯನ್ನು ಆಧರಿಸಿದ 7.62 ಮಿ.ಮೀ.ನ 1ಎ1 ತಯಾರಾಗತೊಡಗಿತು. ಊರೆಲ್ಲ ಬಲ್ಲ ಎಸ್‌ಎಲ್‌ಆರ್ ಇದೇ. ಸೇನೆ ಇದರ ಬಳಕೆ ಮುಗಿಸಿದ ಮೇಲೂ ಪೊಲೀಸರ ಹೆಗಲ ಮೇಲೆ ದಶಕಗಳ ಕಾಲ ಉಳಿಯಿತು. ಕಿಟ್ಟವನ್ನು ನಿಭಾಯಿಸುವ ಇದರ ಜಾಣ್ಮೆ ಇರುವುದು ನಳಿಗೆಯ ಮೇಲಿನ ಒಂದು ಬಳೆಯಲ್ಲಿ. ಅದನ್ನು ತಿರುಗಿಸಿದಂತೆ, ಹೆಚ್ಚಾದ ಅನಿಲ ಹೊರಹೋಗುವ ಕಿಂಡಿ ಮುಚ್ಚುತ್ತದೆ ಅಥವಾ ತೆರೆಯುತ್ತದೆ. ಕಿಂಡಿ ಮುಚ್ಚಿದಷ್ಟೂ ಪಿಸ್ಟನ್ನಿಗೆ ಒತ್ತಡ ಜಾಸ್ತಿ. ಒಂದೊಂದೇ ತೋಟಾ ಹಾರಿಸುತ್ತ, ಖಾಲಿ ಕವಚ ಸಲೀಸಾಗಿ ಹೊರಚಿಮ್ಮುವ ತನಕ ಬಳೆ ತಿರುಗಿಸಿ, ಅಲ್ಲಿಂದ ಮುಂದೆ ಇನ್ನೊಂದೆರಡು ಕ್ಲಿಕ್ ಹೆಚ್ಚು ಇಡುವುದು ವಾಡಿಕೆ. ಆ ಹೆಚ್ಚುವರಿ ಕ್ಲಿಕ್ಕೇ ಮುಂದೆ ಕೂರಲಿರುವ ಮಸಿಗಿಟ್ಟ ಮುಂಗಡ. ಇನ್ನೊಂದು ಕಟ್ಟುನಿಟ್ಟು: ಪಿಸ್ಟನ್, ಸಿಲಿಂಡರ್ ಒಣಗಿರಬೇಕು. ಎಣ್ಣೆ ಸವರಿದರೆ ಅದು ಅಲ್ಲೇ ಸುಟ್ಟು ಹೊಸ ಕಿಟ್ಟವಾಗುತ್ತದೆ. ಎಣ್ಣೆ ಜಾಸ್ತಿಯಾದಷ್ಟೂ ಒಳ್ಳೆಯದು ಎನ್ನುವವರು ರೈಫಲ್ಲಿಗೆ ಮಾಡುವುದು ಉಪಕಾರವಲ್ಲ.

ಈ ಕಥೆಯಲ್ಲಿ ಮುಂಬಯಿ ಪಕ್ಕದ ಠಾಣೆ ಜಿಲ್ಲೆಗೂ ಪಾಲುಂಟು. ಕಲ್ಯಾಣದಿಂದ ಬದಲಾಪುರದತ್ತ ಹೋಗುವ ಲೋಕಲ್ ರೈಲಿನ ಹಾದಿಯಲ್ಲಿ ಅಂಬರನಾಥ ಸಿಗುತ್ತದೆ. 1950ರ ದಶಕದಲ್ಲಿ ಇಲ್ಲಿ ರಕ್ಷಣಾ ಇಲಾಖೆಯ ಎರಡು ಕಾರ್ಖಾನೆಗಳು ನೆಲೆಗೊಂಡವು. ಒಂದು ಯಂತ್ರೋಪಕರಣಗಳ ಮಾದರಿ ಕಾರ್ಖಾನೆ. ಇನ್ನೊಂದು ಹಿತ್ತಾಳೆ ಮುಂತಾದ ಕಬ್ಬಿಣೇತರ ಲೋಹಗಳದು. ಕಿಟ್ಟಕ್ಕೂ ಹಿತ್ತಾಳೆಗೂ ಏನು ಸಂಬಂಧ ಎಂದರೆ, ಗುಂಡು ಹಾರುವ ಕ್ಷಣದಲ್ಲಿ ತೋಟಾದ ಹಿತ್ತಾಳೆಯ ಕವಚ ಹಿಗ್ಗಿ, ತಾನು ಕೂತ ಕೋಣೆಯ (ಚೇಂಬರ್) ಗೋಡೆಗೆ ಅಂಟಿ, ಅನಿಲ ಹಿಂದಕ್ಕೆ ಬಾರದಂತೆ ತಡೆಯುತ್ತದೆ. ಮರುಕ್ಷಣ ಕುಗ್ಗಿ ಸಡಿಲವಾಗುತ್ತದೆ. ಲೋಹ ಹದವಾಗಿಲ್ಲದಿದ್ದರೆ ಮಸಿ ಬೋಲ್ಟಿನತ್ತ ಸೋರುತ್ತದೆ. ಕೋಣೆಯಲ್ಲಿ ಮೊದಲೇ ಕಿಟ್ಟ ಕೂತಿದ್ದರೆ ಕವಚ ಕಚ್ಚಿಕೊಂಡು ಹೊರಬರಲು ಸತಾಯಿಸುತ್ತದೆ. ಕೊಲ್ಲಿಯ ಉಪ್ಪುಗಾಳಿ, ನಾಲ್ಕು ತಿಂಗಳ ಜಡಿಮಳೆಯ ಈ ಸೀಮೆಯಲ್ಲಿ ತೇವ ಹೀರಿದ ಮಸಿಯ ಅಡಿಯಲ್ಲಿ ಉಕ್ಕು ಗುಳಿಬೀಳುವುದು ಬೇಗ. ನವಿ ಮುಂಬಯಿಯ ತಳೋಜಾದಲ್ಲಿ ಕ್ಷಿಪ್ರ ಕಾರ್ಯಪಡೆಯ 102ನೇ ಬೆಟಾಲಿಯನ್ ಇದೆ. ಇಂಥ ಜಾಗದ ಶಸ್ತ್ರಾಗಾರಕ್ಕೆ ಗುಂಡು ಹಾರಿಸದ ದಿನವೂ ಒರೆಸುವ ಕೆಲಸ ತಪ್ಪಿದ್ದಲ್ಲ.

ಕಿಟ್ಟವನ್ನು ಕಡೆಗಣಿಸಿದ್ದಕ್ಕೆ ಅತಿ ದೊಡ್ಡ ಬೆಲೆ ತೆತ್ತದ್ದು ಅಮೆರಿಕದ ಸೇನೆ. ಅದರ ಎಂ-16 ರೈಫಲ್ಲಿನಲ್ಲಿ ಅನಿಲ ನೇರವಾಗಿ ಬೋಲ್ಟಿನ ಜಾಗಕ್ಕೇ ಬರುತ್ತದೆ. ವಿಯೆಟ್ನಾಂ ಯುದ್ಧದ ಹೊತ್ತಿಗೆ ತೋಟಾದ ಮದ್ದನ್ನು ಬದಲಿಸಿದ್ದರು. ಕೋಣೆಗೆ ಕ್ರೋಮ್ ಲೇಪವಿರಲಿಲ್ಲ. ಒರೆಸುವ ಸಾಮಾನಿಗೂ ಕೊರತೆ. ತೊಳೆಯದಿದ್ದರೂ ನಡೆದೀತು ಎಂಬ ಮಾತು ಬೇರೆ ಹಬ್ಬಿತ್ತು. ಸೈನಿಕರು ಕೆಟ್ಟುನಿಂತ ರೈಫಲ್ ಕೈಯಲ್ಲಿ ಹಿಡಿದೇ ಸತ್ತರು. 1967ರಲ್ಲಿ ರಿಚರ್ಡ್ ಐಕಾರ್ಡ್ ನೇತೃತ್ವದ ಸಂಸದೀಯ ಉಪಸಮಿತಿ ಸೇನೆಯನ್ನು ಕಟುವಾಗಿ ಟೀಕಿಸಿತು. ಬಳಿಕ ಕ್ರೋಮ್ ಲೇಪ ಬಂತು. ವಿಲ್ ಐಸ್ನರ್ ಚಿತ್ರ ಬರೆದ ಕಾಮಿಕ್ಸ್ ರೂಪದ ಕೈಪಿಡಿಯೂ ಸೈನಿಕರ ಕೈಸೇರಿತು.

ಭಾರತದಲ್ಲಿ 1990ರ ದಶಕದಲ್ಲಿ ಬಂದ 5.56 ಮಿ.ಮೀ.ನ ಇನ್ಸಾಸ್ ಪಿಸ್ಟನ್ ಪದ್ಧತಿಯದೇ, ರೆಗ್ಯುಲೇಟರ್ ಕೂಡ ಉಂಟು. ಗಟ್ಟಿ ಕಿಟ್ಟ ಬಿಡಿಸುವ ಕ್ರಮವೂ ಹೆಚ್ಚು ಬದಲಾಗಿಲ್ಲ. ಮೊದಲು ಖಾಲಿ ಮಾಡಿ ಕೋಣೆ ಪರೀಕ್ಷಿಸುವುದು. ಬಿಚ್ಚಿದ ಭಾಗಗಳನ್ನು ದ್ರಾವಕದಲ್ಲಿ ನೆನೆಹಾಕುವುದು. ನಳಿಗೆಯ ಒಳಗನ್ನು ಕಂಚಿನ ಬ್ರಷ್ಷಿನಿಂದ ಹಿಂಬದಿಯಿಂದ ಉಜ್ಜುವುದು. ಪಿಸ್ಟನ್ ತಲೆಯನ್ನು ಮೃದುವಾದ ಹಿತ್ತಾಳೆಯಿಂದ ಕೆರೆಯುವುದು. ಒಣ ಚಿಂದಿ ಬಿಳಿಯಾಗಿ ಬರುವ ತನಕ ಎಳೆಯುವುದು. ನೆನೆಯಲು ಬಿಡುವಷ್ಟು ತಾಳ್ಮೆ ಇಲ್ಲದವರೇ ಉಪ್ಪುಕಾಗದ ಹಿಡಿದು ಲೋಹ ಸವೆಸುತ್ತಾರೆ. ಪಿಸ್ಟನ್ನಿನ ತಲೆ ಸವೆದು ಸಡಿಲವಾಯಿತೆಂದರೆ ಅನಿಲ ಪಕ್ಕದಿಂದ ಸೋರಿ, ಕಿಟ್ಟದಿಂದ ಆಗುತ್ತಿದ್ದ ತೊಂದರೆಯೇ ಮರಳಿ ಬರುತ್ತದೆ.

ಈ ರೈಫಲ್, ತೋಟಾಗಳನ್ನು ತಯಾರಿಸುವ ಸರ್ಕಾರಿ ಕಾರ್ಖಾನೆಗಳನ್ನು ನಡೆಸುತ್ತಿದ್ದ ಆರ್ಡ್‌ನೆನ್ಸ್ ಫ್ಯಾಕ್ಟರಿ ಬೋರ್ಡನ್ನು 2021ರ ಅಕ್ಟೋಬರ್ 1ರಂದು ಏಳು ಕಂಪನಿಗಳಾಗಿ ಒಡೆಯಲಾಯಿತು. ಅಂಬರನಾಥದ ಲೋಹದ ಕಾರ್ಖಾನೆ ಯಂತ್ರ ಇಂಡಿಯಾ ಕಂಪನಿಗೆ ಹೋಯಿತು. ತೋಟಾ ತಯಾರಿಸುವ ಖಡಕಿ ಮತ್ತು ವರಣಗಾಂವ್ ಕಾರ್ಖಾನೆಗಳು ಮ್ಯುನಿಷನ್ಸ್ ಇಂಡಿಯಾಕ್ಕೆ ಸೇರಿದವು. ಈಶಾಪುರದ ರೈಫಲ್ ಕಾರ್ಖಾನೆ ಅಡ್ವಾನ್ಸ್ಡ್ ವೆಪನ್ಸ್ ಅಂಡ್ ಇಕ್ವಿಪ್‌ಮೆಂಟ್ ಇಂಡಿಯಾದ ಪಾಲಾಯಿತು.