ಹಾಡಿನ ಪಟ್ಟಿಯಲ್ಲಿ ಭಾಷೆಯ ಸ್ಥಾನ: ಗ್ರಾಮಫೋನ್‌ನಿಂದ ಮೊಬೈಲ್‌ವರೆಗೆ

ಭಾರತದಲ್ಲಿ ಬಳಕೆಗೆ ಬಂದ ಸಂಗೀತದ ಆ್ಯಪ್‌ಗಳಲ್ಲಿ ಹೆಚ್ಚಿನವು ಮೊದಲ ಬಾರಿ ತೆರೆದ ಕೂಡಲೇ, ಕಲಾವಿದರ ಹೆಸರನ್ನಾಗಲಿ ಸಂಗೀತದ ಪ್ರಕಾರವನ್ನಾಗಲಿ ವಿಚಾರಿಸುವ ಮೊದಲು, ಭಾಷೆ ಯಾವುದೆಂದು ಕೇಳುತ್ತವೆ. ಈ ಕ್ರಮ ಮೊಬೈಲ್ ಕಾಲದ ಸೃಷ್ಟಿಯಲ್ಲ; ಅದರ ಬೇರು ಗ್ರಾಮಫೋನ್ ವ್ಯಾಪಾರದಲ್ಲಿದೆ. 1902ರ ನವೆಂಬರ್‌ನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡುಗಾರಿಕೆಯನ್ನು ಮುದ್ರಿಸಿಕೊಂಡಾಗ, ತಟ್ಟೆಗಳು ಅಚ್ಚಾಗಬೇಕಿದ್ದುದು ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿನ ಕೆಲಸಗಾರರಿಗೆ ಗುರುತು ಸಿಗಲೆಂದು ಗಾಯಕಿಯೇ ಹಾಡಿನ ಕೊನೆಯಲ್ಲಿ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಸಾರುತ್ತಿದ್ದರು. ಮುಂದೆ ಮಾರಾಟದ ಪಟ್ಟಿಗಳು ಭಾಷಾವಾರಾಗಿ ಬೆಳೆದವು, ಏಕೆಂದರೆ ಯಾವ ಊರಿಗೆ ಯಾವ ತಟ್ಟೆ ತರಿಸಬೇಕೆಂಬ ವ್ಯಾಪಾರಿಯ ಪ್ರಶ್ನೆಗೆ ಭಾಷೆಯೇ ಸುಲಭದ ಉತ್ತರವಾಗಿತ್ತು. ಹಲವು ಭಾಷೆಗಳಲ್ಲಿ ಹಾಡಿ, ಕೊನೆಗಾಲದಲ್ಲಿ ಮೈಸೂರು ಆಸ್ಥಾನದ ಆಶ್ರಯಕ್ಕೆ ಬಂದು 1930ರಲ್ಲಿ ಅಲ್ಲಿಯೇ ತೀರಿಕೊಂಡ ಗೌಹರ್ ಜಾನ್ ಅಂಥವರು ಒಂದೇ ಭಾಷೆಯ ಶೀರ್ಷಿಕೆಯಡಿ ನಿಲ್ಲುವವರಲ್ಲ ಎಂಬ ತೊಡಕು ಆಗಲೇ ಇತ್ತು.

ಕ್ಯಾಸೆಟ್ ಅಂಗಡಿಯ ಕಪಾಟುಗಳಲ್ಲೂ ಉಳಿದುಕೊಂಡಿದ್ದ ಈ ವಿಂಗಡಣೆ, ಹಾಡು ಕಂಪ್ಯೂಟರಿನ ಕಡತವಾದಾಗ ಮಾತ್ರ ತಪ್ಪಿಹೋಯಿತು. ಎಂಪಿ3 ಎಂಬುದು ಕಿವಿ ಗಮನಿಸದ ಅಂಶಗಳನ್ನು ಕೈಬಿಟ್ಟು ಧ್ವನಿಯನ್ನು ಕಿರಿದಾಗಿ ಇಡುವ ಕಡತರೂಪ. ಅದರ ವಿವರಗಳನ್ನು ಬರೆದಿಡಲು 1996ರಲ್ಲಿ ಎರಿಕ್ ಕೆಂಪ್ ರೂಪಿಸಿದ ಐಡಿ3 ಟ್ಯಾಗ್, ಕಡತದ ತುದಿಗೆ ಅಂಟಿಸಿದ 128 ಬೈಟ್‌ಗಳ ಚೀಟಿ. ಅದರಲ್ಲಿ ಹಾಡಿನ ಹೆಸರಿಗೆ 30, ಕಲಾವಿದರಿಗೆ 30, ಆಲ್ಬಮ್‌ಗೆ 30, ವರ್ಷಕ್ಕೆ 4, ಟಿಪ್ಪಣಿಗೆ 30 ಬೈಟ್ ಮೀಸಲಿದ್ದು, ಬ್ಲೂಸ್, ಜಾಝ್, ರಾಕ್ ಮುಂತಾದ ಪ್ರಕಾರಗಳ ಪಟ್ಟಿಯಿಂದ ಒಂದನ್ನು ಸೂಚಿಸಲು 1 ಬೈಟ್ ಇತ್ತು. ಭಾಷೆಗೆ ಜಾಗವೇ ಇರಲಿಲ್ಲ. ಯೂನಿಕೋಡ್‌ನ ಯುಟಿಎಫ್-8 ವಿಧಾನದಲ್ಲಿ ಕನ್ನಡದ ಪ್ರತಿಯೊಂದು ಚಿಹ್ನೆಗೂ 3 ಬೈಟ್ ಬೇಕಾಗುವುದರಿಂದ, ‘ಕನ್ನಡ’ ಎಂದು ಬರೆದರೇ 15 ಬೈಟ್ ಸಂದು, ಹಾಡಿನ ಹೆಸರಿಗಿದ್ದ ಜಾಗದಲ್ಲಿ ಅರ್ಧ ಮುಗಿಯುತ್ತದೆ. 1998ರ ಎರಡನೆಯ ಆವೃತ್ತಿ ಭಾಷೆಗೆ ಪ್ರತ್ಯೇಕ ಅಂಕಣ ಒದಗಿಸಿತಾದರೂ, 2001ರಲ್ಲಿ ಬಂದ ಐಪಾಡ್‌ನ ಮೆನು ಪ್ಲೇಲಿಸ್ಟ್‌ಗಳು, ಕಲಾವಿದರು, ಹಾಡುಗಳು ಎಂಬ ದಾರಿಗಳನ್ನಷ್ಟೇ ತೋರಿಸಿತು. ಒಂದೇ ಭಾಷೆಯ ಮಾರುಕಟ್ಟೆಯನ್ನು ಕಣ್ಣಮುಂದಿಟ್ಟುಕೊಂಡು ಮಾಡಿದ ವಿನ್ಯಾಸ ಇದು.

ಇತ್ತ ಭಾರತದ ಪೇಟೆಗಳಲ್ಲಿ ಆ ಕೊರತೆಯನ್ನು ತುಂಬಿದವರು ಮೊಬೈಲ್ ಅಂಗಡಿಯವರು. ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಡುತ್ತಿದ್ದ ಅಂಗಡಿಗಳ ಕಂಪ್ಯೂಟರುಗಳಲ್ಲಿ ಹಾಡುಗಳು ಭಾಷೆ, ಸಿನಿಮಾ, ನಟ ಎಂಬ ಫೋಲ್ಡರ್‌ಗಳಲ್ಲಿ ಜೋಡಣೆಗೊಂಡಿದ್ದವು. ಹಕ್ಕುಸ್ವಾಮ್ಯವನ್ನು ಲೆಕ್ಕಿಸದ ವ್ಯವಹಾರವೆಂಬುದು ನಿಜವಾದರೂ, ಕೇಳುಗರ ರೂಢಿಯನ್ನು ಅರಿತ ಮೆನು ಅದೇ ಆಗಿತ್ತು. ಸೆಕೆಂಡಿಗೆ 128 ಕಿಲೋಬಿಟ್ ಗುಣಮಟ್ಟದಲ್ಲಿ ನಾಲ್ಕು ನಿಮಿಷದ ಹಾಡು 4 ಮೆಗಾಬೈಟ್‌ಗೆ ಸಮೀಪಿಸುವುದರಿಂದ, 1 ಗಿಗಾಬೈಟ್ ಕಾರ್ಡಿನಲ್ಲಿ ಸುಮಾರು 250 ಹಾಡು ಹಿಡಿಯುತ್ತಿದ್ದವು. ಹಾಡುಗಳನ್ನು ಕಾನೂನುಬದ್ಧವಾಗಿ ಬಿಡಿಬಿಡಿಯಾಗಿ ಮಾರಲು ಬೆಂಗಳೂರಿನ ಫ್ಲಿಪ್‌ಕಾರ್ಟ್ 2012ರಲ್ಲಿ ತೆರೆದ ಫ್ಲೈಟ್ ಮಳಿಗೆ 2013ರಲ್ಲೇ ಮುಚ್ಚಿತು. 2010ರ ಗಾನಾ, 2014ರ ವಿಂಕ್ ಮೊದಲಾದ ಸೇವೆಗಳು ಹಾಡನ್ನು ಮಾರದೆ ಕೇಳಿಸುವ ಮಾರ್ಗ ಹಿಡಿದವು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬರುವವರೆಗೆ ಡೇಟಾ ದುಬಾರಿಯಾಗಿದ್ದ ದೇಶದಲ್ಲಿ, ಡೌನ್‌ಲೋಡ್ ಗುಣಮಟ್ಟ ಎಷ್ಟಿರಬೇಕು, ವೈ-ಫೈ ಇದ್ದಾಗ ಮಾತ್ರ ಇಳಿಸಬೇಕೇ ಎಂಬ ಆಯ್ಕೆಗಳು ಕೇಳುಗನ ಜೇಬಿಗೆ ನೇರವಾಗಿ ಸಂಬಂಧಿಸಿದ್ದವು; 320 ಕಿಲೋಬಿಟ್ ಆರಿಸಿದರೆ ಅದೇ ನಾಲ್ಕು ನಿಮಿಷದ ಹಾಡಿಗೆ 9.6 ಮೆಗಾಬೈಟ್ ಖರ್ಚು. ಆದರೆ ಹೀಗೆ ಇಳಿಸಿಕೊಂಡದ್ದು ಆ ಆ್ಯಪ್ ಮಾತ್ರ ಬಿಚ್ಚಬಲ್ಲ ಗೂಢಲಿಪಿಯ ಕಡತ. ಸ್ಪಾಟಿಫೈನಲ್ಲಿ 30 ದಿನಕ್ಕೊಮ್ಮೆಯಾದರೂ ಇಂಟರ್ನೆಟ್ ಸಂಪರ್ಕಕ್ಕೆ ಬಾರದಿದ್ದರೆ ಇಳಿಸಿಕೊಂಡ ಹಾಡುಗಳು ಕೈಬಿಟ್ಟುಹೋಗುತ್ತವೆ. ಬ್ಲೂಟೂತ್‌ನಲ್ಲಿ ಗೆಳೆಯನಿಗೆ ದಾಟಿಸಬಹುದಾಗಿದ್ದ ಸ್ವತ್ತು ಬಾಡಿಗೆಯದಾಯಿತು.

ಭಾಷೆಯ ಆಯ್ಕೆಯಲ್ಲಿ ಎರಡು ಬೇರೆ ಸಂಗತಿಗಳಿವೆ: ಹಾಡಿನ ಭಾಷೆ ಒಂದು, ಮೆನುವಿನ ಭಾಷೆ ಇನ್ನೊಂದು. ಮೊದಲನೆಯದು ಬೇಗ ದಕ್ಕಿತು, ಎರಡನೆಯದು ತಡವಾಯಿತು. ಆಂಡ್ರಾಯ್ಡ್‌ಗೆ ಕನ್ನಡ ಅಕ್ಷರಗಳನ್ನು ಮೂಡಿಸುವ ಬೆಂಬಲ 2012ರ 4.1 ಆವೃತ್ತಿಯಲ್ಲಿ ಬಂದರೆ, ಫೋನಿನ ಮೆನುಗಳೇ ಕನ್ನಡದಲ್ಲಿ ಸಿಕ್ಕಿದ್ದು 2014ರ 5.0 ಆವೃತ್ತಿಯಲ್ಲಿ, 2019ರ ಫೆಬ್ರವರಿಯಲ್ಲಿ ಭಾರತಕ್ಕೆ ಬಂದ ಸ್ಪಾಟಿಫೈ ಕನ್ನಡದ ಮೆನು ಕೊಟ್ಟಿದ್ದು 2021ರಲ್ಲಿ. ಅಕ್ಷರಗಳ ಬದಲು ಖಾಲಿ ಚೌಕಗಳು ಮೂಡುತ್ತಿದ್ದ ಕಾಲದಲ್ಲಿ ಹಾಡಿನ ಹೆಸರುಗಳನ್ನು ರೋಮನ್ ಲಿಪಿಯಲ್ಲಿ ದಾಖಲಿಸುವುದು ಅನಿವಾರ್ಯವಾಗಿತ್ತು, ಆದರೆ ಆ ಅನಿವಾರ್ಯತೆ ಕಳೆದ ಮೇಲೂ ರೂಢಿ ಹೋಗಲಿಲ್ಲ. ಲ-ಳ, ನ-ಣ ಭೇದಗಳು ಅಳಿಸಿಹೋಗಿ, ದೀರ್ಘ ಸ್ವರವನ್ನು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಬರೆದು, ಒಂದೇ ಹಾಡು ಹಲವು ಕಾಗುಣಿತಗಳಲ್ಲಿ ಚದುರಿದ್ದು ಇದರ ಫಲ. ಕನ್ನಡ ಕೇಳುಗರಿಗೆ ಆದ ನಿಜವಾದ ನಷ್ಟವಿದು.

ಹಾಡಿನ ಭಾಷೆಯ ಪಟ್ಟಿಯೂ ನಿರಾಳವಾಗಿಲ್ಲ. ವೀಣೆಯ ನಾದಕ್ಕೆ ಭಾಷೆಯಿಲ್ಲ. ದಾಸರ ಪದ, ಮರಾಠಿ ಅಭಂಗ, ಖಯಾಲ್ ಮೂರನ್ನೂ ಹಾಡಿದ ಭೀಮಸೇನ ಜೋಶಿಯವರ ಹಾಡುಗಾರಿಕೆ ಭಾಷೆಯ ವಿಭಾಗಗಳಲ್ಲಿ ಹಂಚಿಹೋಗುತ್ತದೆ. ಹೆಚ್ಚಿನ ಅನ್ಯಾಯವಾದದ್ದು ಚಿಕ್ಕ ಭಾಷೆಗಳಿಗೆ. ಐಡಿ3 ಟ್ಯಾಗ್‌ನ ಎರಡನೆಯ ಆವೃತ್ತಿ ನೆಚ್ಚಿಕೊಂಡ, ಭಾಷೆಗಳಿಗೆ ಮೂರಕ್ಷರದ ಸಂಕೇತ ಕೊಡುವ ಐಎಸ್ಒ 639-2 ಪಟ್ಟಿಯಲ್ಲಿ ಕನ್ನಡಕ್ಕೂ ಕೊಂಕಣಿಗೂ ಸ್ವಂತ ಸಂಕೇತವಿದ್ದರೆ, ತುಳು ಮತ್ತು ಕೊಡವ ಭಾಷೆಗಳಿಗೆ ದ್ರಾವಿಡ ಭಾಷೆಗಳೆಂಬ ಸಾಮಾನ್ಯ ಸಂಕೇತವೇ ಗತಿಯಾಗಿತ್ತು. 1971ರ ‘ಎನ್ನ ತಂಗಡಿ’ಯಿಂದ ಸಿನಿಮಾ ಪರಂಪರೆ ಇರುವ ತುಳುವಿಗೆ ಪ್ರತ್ಯೇಕ ಸಂಕೇತ ಒದಗಿಸಿದ್ದು 2007ರ ಐಎಸ್ಒ 639-3. ಸಂಕೇತ ಸಿಕ್ಕಮಾತ್ರಕ್ಕೆ ಆ್ಯಪ್‌ನ ಪಟ್ಟಿಯಲ್ಲಿ ಹೆಸರು ಬರುವುದಿಲ್ಲ. ಹಾಡನ್ನು ಸೇವೆಗೆ ಒಪ್ಪಿಸುವಾಗ ಭಾಷೆಯ ಅಂಕಣದಲ್ಲಿ ಕನ್ನಡವೆಂದು ಬರೆಯದೆ ತುಳು ಎಂದೇ ನಮೂದಿಸುವ ಕೆಲಸ ಧ್ವನಿಮುದ್ರಣ ಸಂಸ್ಥೆಗಳದ್ದು, ಆ ನಮೂದನ್ನು ಮೆನುವಿಗೆ ತರುವ ಕೆಲಸ ಆ್ಯಪ್ ರೂಪಿಸುವವರದ್ದು.