ಉದ್ಯೋಗ ಕೋರಿದ ಅರ್ಜಿಗೆ ಬರುವ ಹಿಂಬರಹ: ಅರ್ಥೈಸಿಕೊಳ್ಳುವ ಕ್ರಮ

ಅರ್ಜಿಯೊಂದಕ್ಕೆ ಸರ್ಕಾರಿ ಕಛೇರಿಯು ಲಿಖಿತವಾಗಿ ನೀಡುವ ಉತ್ತರವನ್ನು ಹಿಂಬರಹ ಎನ್ನಲಾಗುತ್ತದೆ. ಉದ್ಯೋಗ ಕೋರಿದ ಅರ್ಜಿಯ ಹಿಂಬರಹದಲ್ಲಿ ‘ತಿರಸ್ಕರಿಸಲಾಗಿದೆ’ ಎಂಬ ಪದ ಕಾಣದಿದ್ದಲ್ಲಿ ಅರ್ಜಿಯು ಇನ್ನೂ ಚಾಲ್ತಿಯಲ್ಲಿದೆಯೆಂದು ಭಾವಿಸಿ ಕಾಯುತ್ತಾ ಕುಳಿತುಕೊಳ್ಳುವವರುಂಟು. ಈ ಅವಧಿಯಲ್ಲಿ ವಯೋಮಿತಿ ಮೀರುವ ಸಂಭವವಿರುತ್ತದೆ.

‘ಪ್ರಸ್ತುತ ಯಾವುದೇ ಹುದ್ದೆ ಖಾಲಿ ಇರುವುದಿಲ್ಲ’, ‘ಅರ್ಜಿಯನ್ನು ಕಡತದಲ್ಲಿರಿಸಲಾಗಿದೆ’, ‘ವಿಲೇವಾರಿ ಮಾಡಲಾಗಿದೆ’ ಎಂಬ ಒಕ್ಕಣೆಗಳು ನಿರಾಕರಣೆಯೇ ಆಗಿರುತ್ತವೆ. ‘ಮುಂದೆ ಅವಕಾಶ ಒದಗಿದಲ್ಲಿ ಪರಿಗಣಿಸಲಾಗುವುದು’ ಎಂಬುದು ಹೆಚ್ಚು ಆಸೆ ಹುಟ್ಟಿಸುವ ವಾಕ್ಯ. ಆದರೆ ಸರ್ಕಾರಿ ಹುದ್ದೆಗಳನ್ನು ಅಧಿಸೂಚನೆ ಹೊರಡಿಸಿ, ಅರ್ಹರೆಲ್ಲರಿಂದ ಅರ್ಜಿ ಆಹ್ವಾನಿಸಿ, ನಿಯಮಾನುಸಾರವೇ ತುಂಬತಕ್ಕದ್ದು. ಕರ್ನಾಟಕ ರಾಜ್ಯ ವಿರುದ್ಧ ಉಮಾದೇವಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2006ರಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಆದುದರಿಂದ ಸೌಜನ್ಯಕ್ಕೆಂದು ಬರೆದ ಆ ವಾಕ್ಯವನ್ನು ಅದಕ್ಕೆ ಸಹಿ ಮಾಡಿದ ಅಧಿಕಾರಿಯೂ ಈಡೇರಿಸಲು ಬರುವುದಿಲ್ಲ. ಅಧಿಸೂಚನೆ ಹೊರಟಾಗ ಹೊಸದಾಗಿ ಅರ್ಜಿ ಸಲ್ಲಿಸುವುದು ಅಗತ್ಯ.

‘ನ್ಯೂನತೆಗಳನ್ನು ಸರಿಪಡಿಸಿ ಮರುಸಲ್ಲಿಸಲು ಸೂಚಿಸಿದೆ’ ಎಂಬ ಹಿಂಬರಹವು ಕಠಿಣವಾಗಿ ತೋರಿದರೂ ನಿರಾಕರಣೆಯಲ್ಲ. ಇದನ್ನೇ ತಿರಸ್ಕಾರವೆಂದು ತಿಳಿದು ಅರ್ಜಿದಾರರು ಕೈಬಿಡಬಾರದು. ಕೋರಿದ ದಾಖಲೆಗಳನ್ನು ನಿಗದಿತ ದಿನಾಂಕದೊಳಗೆ ಸಲ್ಲಿಸಿ ಸ್ವೀಕೃತಿ ಪಡೆಯತಕ್ಕದ್ದು.

ಅನುಕಂಪದ ಆಧಾರದ ನೇಮಕಾತಿಯಲ್ಲಿ ವಿಶೇಷ ಎಚ್ಚರ ಅವಶ್ಯಕ. 1996ರ ನಿಯಮಗಳಂತೆ ಮೃತ ನೌಕರರ ಅವಲಂಬಿತರು ಸಾಮಾನ್ಯವಾಗಿ ಮರಣದ ದಿನಾಂಕದಿಂದ ಒಂದು ವರ್ಷದೊಳಗೆ ಅರ್ಜಿ ಸಲ್ಲಿಸಬೇಕಾಗುತ್ತದೆ. ‘ಕಾರ್ಯಗಳೆಲ್ಲ ಮುಗಿಯಲಿ, ಆಮೇಲೆ ನೋಡೋಣ’ ಎಂದು ಕಛೇರಿಯಲ್ಲಿ ಯಾರಾದರೂ ಸಮಾಧಾನ ಹೇಳಿ ಕಳುಹಿಸಬಹುದು. ಆ ಮಾತಿನಲ್ಲಿ ಕೆಟ್ಟ ಉದ್ದೇಶವಿರಲಾರದು, ಆದರೆ ಅದರಿಂದ ಕಾಲಮಿತಿ ನಿಲ್ಲುವುದಿಲ್ಲ. ಅರ್ಜಿಯನ್ನು ಸಲ್ಲಿಸಿ, ದಿನಾಂಕವುಳ್ಳ ಮೊಹರನ್ನು ಪ್ರತಿಯ ಮೇಲೆ ಹಾಕಿಸಿಕೊಳ್ಳುವುದು ಕ್ಷೇಮ.

ಹಿಂಬರಹದಲ್ಲಿ ಕಾರಣ ನಮೂದಾಗಿರದಿದ್ದಲ್ಲಿ ಮಾಹಿತಿ ಹಕ್ಕು ಅಧಿನಿಯಮ, 2005ರಡಿ ರೂ. 10 ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬಹುದು. ‘ಏಕೆ ಕೊಡಲಿಲ್ಲ’ ಎಂದು ಪ್ರಶ್ನಿಸುವುದಕ್ಕಿಂತ ಸಂಬಂಧಿತ ಕಡತದ ಟಿಪ್ಪಣಿ ಹಾಳೆಗಳ ಪ್ರತಿ ಕೋರುವುದು ಫಲಕಾರಿ. 30 ದಿನಗಳೊಳಗೆ ಮಾಹಿತಿ ದೊರೆಯದಿದ್ದಲ್ಲಿ, ನಂತರದ 30 ದಿನಗಳೊಳಗೆ ಪ್ರಥಮ ಮೇಲ್ಮನವಿ ಸಲ್ಲಿಸಬಹುದು. ಖಾಸಗಿ ಸಂಸ್ಥೆಗಳು ಕಳುಹಿಸುವ ಪತ್ರಗಳಿಗೆ ಈ ಅವಕಾಶವು ಸಾಮಾನ್ಯವಾಗಿ ಅನ್ವಯಿಸುವುದಿಲ್ಲ.